ಹಂಚಿನ ಮನೆಯ ದುರಸ್ತಿ: ಅಂಗಳದಿಂದ ಮಾಡಿನವರೆಗೆ

ಕಾಪು ತಾಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಹಿರಿಯರ ಮನೆ ಗುತ್ತಿನ ಮನೆಯಲ್ಲ, ಅಂದರೆ ಊರಿನ ಮುಖ್ಯಸ್ಥರ ದೊಡ್ಡ ಮನೆಯಲ್ಲ. ಸಾಲು ಸಾಲು ಕೆತ್ತನೆಯ ಕಂಬಗಳಾಗಲಿ, ನಡುವೆ ಅಂಗಳ ಬಿಟ್ಟು ಸುತ್ತ ಕಟ್ಟಿದ ಚೌಕಿಯಾಗಲಿ ಅದಕ್ಕಿಲ್ಲ. ಮುಂದೆ ಮೆಟ್ಟಿಲೇರಿ ಹೋಗುವ ಜಗಲಿ, ಒಳಗೆ ಚಾವಡಿ, ಅದರಾಚೆ ದೇವರ ಕೋಣೆ ಮತ್ತು ಊಟದ ಕೋಣೆ, ಹಿಂಬದಿಗೆ ಅಡಿಗೆಮನೆ, ಚಾವಡಿಯ ನೆತ್ತಿಗೆ ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ, ಎಲ್ಲಕ್ಕೂ ಮೇಲೆ ಹಂಚಿನ ಮಾಡು. ಗೋಡೆಗಳು ಒಂದೂವರೆ ಅಡಿ ದಪ್ಪದ ಮುರಕಲ್ಲಿನವು (ಕೆಂಪು ಜಂಬಿಟ್ಟಿಗೆ ಕಲ್ಲು). ಬೇಸಾಯ ಮಾಡಿಕೊಂಡಿದ್ದ ಸಾಧಾರಣ ಕುಟುಂಬವೊಂದು ತನ್ನ ಅಗತ್ಯಕ್ಕೆ ತಕ್ಕಂತೆ ಕಟ್ಟಿಸಿಕೊಂಡ, ಉಡುಪಿಯ ಸುತ್ತಮುತ್ತ ಈಗ ಒಂದೊಂದಾಗಿ ಜೆಸಿಬಿಯ ಪಾಲಾಗುತ್ತಿರುವ ಬಗೆಯ ಮನೆ ಅದು. ದೀಪಾವಳಿಯ ನಂತರ ಕೈಗೆತ್ತಿಕೊಂಡು ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಬಹುಪಾಲು ಮುಗಿಸಿದ ಅದರ ದುರಸ್ತಿಯಲ್ಲಿ ಏನನ್ನು ಉಳಿಸಿಕೊಂಡೆವು, ಏನನ್ನು ಬದಲಿಸಿದೆವು, ಯಾವ ಕಾರಣಕ್ಕೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮಾಡು ತೆಗೆಸಿ ಸ್ಲ್ಯಾಬ್ ಹಾಕಿಸಿ, ನೆಲಕ್ಕೆ ಟೈಲ್ಸ್ ಹಾಸಿಬಿಟ್ಟರೆ ಮುಂದೆ ತಲೆನೋವಿಲ್ಲ ಎಂಬುದು ಮುಂಬಯಿಯಲ್ಲಿರುವ ಅಣ್ಣನ ಮೊದಲ ಅಭಿಪ್ರಾಯವಾಗಿತ್ತು. ಅದನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇರಲಿಲ್ಲ. ಖರ್ಚಿನಲ್ಲಿ ಅವನ ಪಾಲೂ ಇತ್ತು, ಮಳೆಗಾಲ ಪೂರ್ತಿ ಸೋರುವ ಕಡೆಗಳಿಗೆಲ್ಲ ಪಾತ್ರೆ ಇಟ್ಟು ಅಮ್ಮನೂ ಬೇಸತ್ತಿದ್ದರು. ಆದರೆ ನಮ್ಮ ಗೋಡೆಗಳು ಮಣ್ಣಿನ ಗಾರೆಯಲ್ಲಿ ಕಟ್ಟಿದವು. ಹಂಚು ಮತ್ತು ಅದನ್ನು ಹೊರುವ ಪಕ್ಕಾಸುಗಳ (ಮಾಡಿನ ಇಳಿಜಾರು ಮರಗಳ) ಭಾರ ಹೊರಲು ಅವು ಧಾರಾಳ ಸಾಕು, ಕಾಂಕ್ರೀಟ್ ತಾರಸಿಯ ಭಾರಕ್ಕೆ ಸಾಲವು. ಹೀಗಾಗಿ ಸ್ಲ್ಯಾಬ್ ಹಾಕುವುದೆಂದರೆ ಪಿಲ್ಲರ್ ಎಬ್ಬಿಸುವುದು, ಪಿಲ್ಲರ್ ಎಬ್ಬಿಸುವುದೆಂದರೆ ಮನೆಯನ್ನೇ ಕೆಡಹುವುದು ಎಂದು ಲೆಕ್ಕ ಬಂದು ನಿಂತಿತು. ಅದಕ್ಕಿಂತ ಮುಖ್ಯವಾಗಿ, ಮನೆಯನ್ನು ಸುತ್ತಿ ನೋಡುತ್ತಾ ಹೋದಂತೆ ಅದು ಹಾಳಾದದ್ದು ವಯಸ್ಸಿನಿಂದಲ್ಲ ಎಂಬುದು ಗೊತ್ತಾಯಿತು. ಕೊಳೆತ ಮರ, ಪುಡಿಯಾದ ಕಲ್ಲು, ಬಾಯಿಬಿಟ್ಟ ನೆಲ, ಇವುಗಳಲ್ಲಿ ಯಾವುದರ ಜಾಡು ಹಿಡಿದು ಹೋದರೂ ಕೊನೆಗೆ ಸಿಗುತ್ತಿದ್ದುದು ಒಂದೋ ನೀರು ಒಳಬರುವ ದಾರಿ, ಇಲ್ಲವೇ ಒಳಬಂದ ನೀರಿಗೆ ಹೊರಹೋಗಲು ಯಾರೋ ಮುಚ್ಚಿದ ದಾರಿ. ಕೆಲಸದ ಕ್ರಮವನ್ನು ಅದರ ಮೇಲೆಯೇ ನಿರ್ಧರಿಸಿದೆವು.

ಕೈ ಹಾಕುವ ಮುಂಚೆ ಪ್ರತಿ ಕೋಣೆಯ ಅಳತೆ ತೆಗೆದು ನಕ್ಷೆ ಬರೆದು, ಬಾಗಿಲು, ಕಿಟಕಿ, ತೊಲೆ, ಕಂಬಗಳಿಗೆಲ್ಲ ಬಣ್ಣದಲ್ಲಿ ಸಂಖ್ಯೆ ಹಾಕಿ, ಅದೇ ಸಂಖ್ಯೆಯನ್ನು ನಕ್ಷೆಯಲ್ಲಿ ಗುರುತಿಸಿ ಫೋಟೋ ತೆಗೆದಿಟ್ಟೆವು. ಇಂಥ ಮನೆಗಳನ್ನು ಬಿಚ್ಚಿ ಮತ್ತೆ ಜೋಡಿಸಬಹುದೆಂಬುದಕ್ಕೆ ಸಾಕ್ಷಿ ನಮ್ಮ ಹತ್ತಿರವೇ ಇದೆ: ನೆಲಸಮವಾಗಲಿದ್ದ ಮನೆಗಳನ್ನು ವಿಜಯನಾಥ ಶೆಣೈ ಅವರು ಬಿಚ್ಚಿಸಿ ತಂದು ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ಮರಳಿ ನಿಲ್ಲಿಸಿದರು; ಕುಂಜೂರಿನ ಚೌಕಿ ಮನೆ ಅವುಗಳಲ್ಲೊಂದು. ಅಲ್ಲಿ ಕೆತ್ತನೆಗಳಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಮರ ಮರಕ್ಕೆ ಸೇರುವ ಸಂದುಗಳನ್ನು. ಒಂದರ ತುದಿಯನ್ನು ನಾಲಗೆಯಂತೆ ಇಳಿಸಿ, ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆದು ನಿಲ್ಲಿಸಿದ ಕಟ್ಟಡದಲ್ಲಿ ಗೂಟ ತೆಗೆದರೆ ಮರ ಸೀಳದೆ ಬಿಚ್ಚಿಕೊಳ್ಳುತ್ತದೆ. ನಮ್ಮ ಮನೆಯೂ ಅದೇ ವಿಧಾನದ್ದು, ಮೊಳೆ ಹೊಡೆದಿರುವುದು ಹಂಚು ಕೂರುವ ತೆಳು ಪಟ್ಟಿಗಳಾದ ರೀಪುಗಳಿಗೆ ಮಾತ್ರ.

ಮೊದಲು ಹಿಡಿದದ್ದು ಅಂಗಳವನ್ನು. ಮನೆ ದುರಸ್ತಿಗೆಂದು ಬಂದವರಿಗೆ ಹೊರಗಿನ ಮಣ್ಣು ಅಗೆಯಲು ಹೇಳಿದಾಗ ಅವರು ಮುಖ ಮುಖ ನೋಡಿಕೊಂಡರು. ನಮ್ಮ ಕಡೆ ಮಳೆ ಹೋದ ಮೇಲೆ ಪ್ರತಿ ವರ್ಷ ಅಂಗಳ ಮಾಡುವ ಕ್ರಮವಿತ್ತು. ಹೊಸ ಮಣ್ಣು ಹಾಕಿ, ಬಡಿದು, ಸೆಗಣಿ ಸಾರಿಸಿ, ಭತ್ತವನ್ನೋ ಅಡಿಕೆಯನ್ನೋ ಹರಡಲು ಸಿದ್ಧ ಮಾಡುತ್ತಿದ್ದರು. ವರ್ಷಕ್ಕೆ ಬೆರಳಿನಷ್ಟೇ ಏರಿದರೂ ತಲೆಮಾರುಗಳು ಕಳೆಯುವಾಗ ಅಂಗಳ ಎತ್ತರವಾಗುತ್ತದೆ, ಮನೆಯ ಪಂಚಾಂಗ, ಅಂದರೆ ಗೋಡೆ ನಿಂತಿರುವ ಎತ್ತರಿಸಿದ ತಳಗಟ್ಟು, ಮಣ್ಣಿನಲ್ಲಿ ಹೂತುಹೋಗುತ್ತದೆ. ಬೇಸಾಯ ನಿಂತ ಮೇಲೆ ಅದರ ಮೇಲೆಯೇ ಇಂಟರ್‌ಲಾಕ್ ಹಾಸಿದ್ದರಿಂದ, ಅದೂ ಸಮತಟ್ಟಾಗಿ ಹಾಸಿದ್ದರಿಂದ, ಜಗಲಿಯ ಬುಡದಲ್ಲಿ ಬಿದ್ದ ನೀರಿಗೆ ಗೋಡೆಯ ಕಡೆಯಲ್ಲದೆ ಬೇರೆಲ್ಲಿಗೂ ಹೋಗಲು ದಾರಿಯಿರಲಿಲ್ಲ. ಇಂಟರ್‌ಲಾಕ್ ಎಬ್ಬಿಸಿ, ಒಂದಡಿಯಷ್ಟು ಅಗೆದು ತೆಗೆದಾಗ ಜಗಲಿಗೆ ಕಾಣುತ್ತಿದ್ದ ಮೂರು ಮೆಟ್ಟಿಲುಗಳ ಕೆಳಗೆ ಇನ್ನೊಂದು ಪಾದೆಕಲ್ಲಿನ (ಗಟ್ಟಿ ಬಂಡೆಗಲ್ಲಿನ) ಮೆಟ್ಟಿಲು ಹೊರಬಂತು. ಈ ಮನೆಯಲ್ಲೇ ಹುಟ್ಟಿ ಬೆಳೆದ ದೊಡ್ಡಮ್ಮನಿಗೂ ಆ ಮೆಟ್ಟಿಲಿನ ನೆನಪಿರಲಿಲ್ಲ.

ಅಂಗಳವನ್ನು ಆ ನಾಲ್ಕನೆಯ ಮೆಟ್ಟಿಲಿನ ಬುಡದ ಮಟ್ಟಕ್ಕೆ ಇಳಿಸಿ, ಮನೆಯಿಂದ ಹೊರಕ್ಕೆ ನಾಲ್ಕು ಅಡಿಗೆ ಒಂದು ಇಂಚಿನಂತೆ ಇಳಿಜಾರು ಕೊಟ್ಟು, ಅಂಚಿನಲ್ಲಿ ಮುರಕಲ್ಲಿನ ಕಣಿ (ಚರಂಡಿ) ಕಟ್ಟಿ ತೋಟದ ಕಡೆಗೆ ಬಿಟ್ಟೆವು. ಸೂರಿನ ನೀರು ಬೀಳುವ ಸಾಲಿಗೆ ಮಾತ್ರ ಪಾದೆಕಲ್ಲಿನ ಚಪ್ಪಡಿ ಹಾಸಿದೆವು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ, ಮಾಡಿನಿಂದ ಇಳಿದ ಅಷ್ಟೂ ನೀರು ಒಂದೇ ಗೆರೆಯ ಮೇಲೆ ಬಿದ್ದು ಮಣ್ಣನ್ನು ಗೋಡೆಗೆ ಸಿಡಿಸುತ್ತಿರುತ್ತದೆ. ಗೋಡೆಯ ಬುಡದ ಎರಡು ಅಡಿ ಸದಾ ಕೆಂಪಾಗಿ ಒದ್ದೆಯಾಗಿರುವುದು ಅದರಿಂದಲೇ.

ಗೋಡೆಯ ಕೆಲಸ ಎಲ್ಲಕ್ಕಿಂತ ಹೆಚ್ಚು ಸಹನೆ ಕೇಳಿತು. ಸುಮಾರು ಮೂವತ್ತು ವರ್ಷಗಳ ಹಿಂದೆ ಒಬ್ಬ ಕಂಟ್ರಾಕ್ಟರು ಗೋಡೆಗಳ ಬುಡದಿಂದ ನಾಲ್ಕು ಅಡಿಯವರೆಗೆ ಸಿಮೆಂಟ್ ಗಾರೆ ಮಾಡಿ, ಮೇಲೆ ಆಯಿಲ್ ಪೇಂಟ್ ಹೊಡೆದಿದ್ದರು. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದಿರಬೇಕು, ಆದರೆ ಮುರಕಲ್ಲಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಮುರಕಲ್ಲು ತೂತು ತೂತಾದ ಕಲ್ಲು. ನೆಲದ ತೇವವನ್ನು ಹೀರುತ್ತದೆ, ಬಿಸಿಲಿಗೆ ಅದನ್ನು ಬಿಟ್ಟುಕೊಡುತ್ತದೆ. ಹೊರಮೈಯನ್ನು ಸಿಮೆಂಟಿನಿಂದ ಮುಚ್ಚಿದರೆ ಹೀರಿದ ತೇವ ಆರಲು ದಾರಿ ಸಿಗದೆ ಮೇಲಕ್ಕೇರುತ್ತದೆ, ಗಾರೆ ಮುಗಿಯುವ ಕಡೆ ಹೊರಬರುತ್ತದೆ. ತೇವದೊಂದಿಗೆ ಬಂದ ಲವಣಗಳು ಅಲ್ಲಿ ಹರಳುಗಟ್ಟಿ ಕಲ್ಲಿನ ಮೈಯನ್ನೇ ಒಡೆಯುತ್ತವೆ. ನಮ್ಮ ಚಾವಡಿಯಲ್ಲಿ ನೆಲದ ಹತ್ತಿರ ಗೋಡೆ ನೋಡಲು ಗಟ್ಟಿಯಾಗಿದ್ದು, ಎದೆಮಟ್ಟದಲ್ಲಿ ಸುಣ್ಣ ಉದುರುತ್ತಿದ್ದುದಕ್ಕೆ ಕಾರಣ ಇದೇ.

ಸಿಮೆಂಟ್ ತೆಗೆಯಲು ಬ್ರೇಕರ್ ಮೆಷಿನ್ ಬೇಡವೆಂದು ಮೇಸ್ತ್ರಿಯವರು ಮೊದಲೇ ಹೇಳಿದರು. ಅದರ ನಡುಕಕ್ಕೆ ಮಣ್ಣಿನ ಗಾರೆ ಸಡಿಲವಾಗುತ್ತದೆ. ಚಿಕ್ಕ ಸುತ್ತಿಗೆ ಮತ್ತು ಚಪ್ಪಟೆ ಉಳಿಯಿಂದ ಅಂಚು ಹಿಡಿದು ಎಬ್ಬಿಸಿದರೆ ಕೆಲವು ಕಡೆ ಗಾರೆ ಹಲಗೆಯಷ್ಟಗಲ ಒಮ್ಮೆಗೇ ಕಳಚಿ ಬರುತ್ತಿತ್ತು, ಏಕೆಂದರೆ ಅದರ ಹಿಂದೆ ಹಿಡಿದುಕೊಳ್ಳಲು ಕಲ್ಲೇ ಉಳಿದಿರಲಿಲ್ಲ. ಕಳಚಿದ ತುಂಡಿನ ಒಳಮೈಯಲ್ಲಿ ಬಿಳಿಯ ಉಪ್ಪಿನ ನವಿರು, ಕಲ್ಲಿನ ಮೇಲೆ ಉಗುರಿನಿಂದ ಗೀರಿದರೆ ಉದುರುವ ಕೆಂಪು ಹುಡಿ, ಅದನ್ನು ಒಂದಿಂಚು ಕೆರೆದ ಮೇಲೆಯೇ ಗಟ್ಟಿ ಕಲ್ಲು. ಉಪ್ಪನ್ನು ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಕಲ್ಲಿನೊಳಗೇ ಇಳಿಯುವುದರಿಂದ ಒಣ ಬ್ರಷ್‌ನಿಂದಲೇ ಗುಡಿಸಿ ಹೊರಗೆ ಹಾಕಿದೆವು. ಆಮೇಲೆ ಗೋಡೆಗಳನ್ನು ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಾಗೆಯೇ ಬೆತ್ತಲೆ ಬಿಟ್ಟೆವು. ಮನೆಗೆ ಬಂದ ನೆಂಟರೆಲ್ಲ ಕೆಲಸ ಅರ್ಧಕ್ಕೆ ನಿಂತಿತೇ ಎಂದು ಕೇಳಿದರು. ನಿಜಕ್ಕೂ ಆ ಬೇಸಿಗೆಯ ಅತ್ಯಂತ ಉಪಯುಕ್ತ ಕೆಲಸ ನಡೆಯುತ್ತಿದ್ದುದು ಆಗಲೇ, ಗೋಡೆ ಒಣಗುತ್ತಿತ್ತು.

ಪೂರ್ತಿ ತಿಂದುಹೋದ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ ಹೊಸದನ್ನು ಕೂರಿಸಿದೆವು. ಕೋರೆಯಿಂದ ಈಗ ಬರುವುದು ಯಂತ್ರದಲ್ಲಿ ಕೊಯ್ದ ನಯವಾದ ಕಲ್ಲು. ಹಳೆಯ ಕಲ್ಲಿನ ಪಕ್ಕದಲ್ಲಿ ಅದು ಎದ್ದು ಕಾಣದಂತೆ ಬಾಚಿಯಿಂದ ಮೈ ಒರಟು ಮಾಡಿಸಬೇಕಾಯಿತು. ಮುರಕಲ್ಲು ಭೂಮಿಯಲ್ಲಿರುವಾಗ ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವುದರಿಂದ, ಬೇಕಾದ ಲೋಡನ್ನು ಮುಂಚೆಯೇ ತರಿಸಿ ಅಂಗಳದ ಮೂಲೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿಟ್ಟಿದ್ದೆವು.

ಗಾರೆಗೆ ಚಿಪ್ಪಿನ ಸುಣ್ಣವನ್ನೇ ಬಳಸಿದೆವು. ಸುಟ್ಟ ಚಿಪ್ಪನ್ನು ನೀರಿಗೆ ಹಾಕಿ ಅರಳಿಸಿ, ಮೇಲೆ ಸದಾ ನೀರು ನಿಂತಿರುವಂತೆ ತೊಟ್ಟಿಯಲ್ಲಿ ವಾರಗಟ್ಟಲೆ ಇಟ್ಟರೆ ಅದು ಬೆಣ್ಣೆಯಂತಾಗುತ್ತದೆ; ಅದರ ಒಂದು ಪಾಲಿಗೆ ಜರಡಿ ಹಿಡಿದ ಹೊಳೆಯ ಹೊಯಿಗೆ (ಮರಳು) ಮೂರು ಪಾಲು, ಕಲಸುವ ನೀರಿಗೆ ಸ್ವಲ್ಪ ಬೆಲ್ಲ. ಹತ್ತಿರವೇ ಸಮುದ್ರವಿದ್ದರೂ ಅಲ್ಲಿಯ ಹೊಯಿಗೆಯಲ್ಲಿರುವ ಉಪ್ಪು ಜನ್ಮದಲ್ಲಿ ಗೋಡೆಯನ್ನು ಒಣಗಗೊಡುವುದಿಲ್ಲ. ಸುಣ್ಣದ ಗಾರೆ ಸಿಮೆಂಟಿನಂತೆ ರಾತ್ರಿ ಬೆಳಗಾಗುವುದರೊಳಗೆ ಬಿಗಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಹಾಗಾಗಿ ಅರ್ಧ ಇಂಚಿಗಿಂತ ದಪ್ಪ ಮೆತ್ತದೆ, ಒಂದು ಪದರ ಬಿಗಿದ ಮೇಲೆ ಇನ್ನೊಂದು ಹಾಕಿ, ಮಧ್ಯಾಹ್ನದ ಬಿಸಿಲಿಗೆ ಬಿರಿಯದಂತೆ ಒದ್ದೆ ಗೋಣಿ ನೇತುಹಾಕಿ ನೀರು ಚಿಮುಕಿಸುತ್ತಿರಬೇಕು. ದಿನಕ್ಕೆ ಇಷ್ಟು ಚದರ ಅಡಿ ಎಂದು ಲೆಕ್ಕ ಹಾಕುವ ಕಿರಿಯ ಗಾರೆಯವರಿಗೆ ಈ ಕೆಲಸ ಒಗ್ಗಲಿಲ್ಲ. ವಯಸ್ಸಾದ ಮೇಸ್ತ್ರಿಯೊಬ್ಬರು, ಕೈಗೆ ಅಭ್ಯಾಸ ಇನ್ನೂ ಇದ್ದವರು, ತಮ್ಮ ಮಗನನ್ನು ಜೊತೆಗೆ ನಿಲ್ಲಿಸಿಕೊಂಡು ಪೂರೈಸಿಕೊಟ್ಟರು. ಮೇಲೆ ಬಣ್ಣದ ಡಬ್ಬಿ ತರಲಿಲ್ಲ, ಸುಣ್ಣ ಬಳಿದೆವು.

ಮಾಡು ಬಿಚ್ಚಿದ್ದು ಜನವರಿಯಲ್ಲಿ, ಗೋಡೆಗಳು ಒಣಗುತ್ತಿದ್ದಾಗ. ನೆತ್ತಿಯ ಹಂಚಿನಿಂದ ಶುರುಮಾಡಿ ಎರಡು ಕಡೆಯ ಸಾಲುಗಳನ್ನು ಸಮಸಮವಾಗಿ ಇಳಿಸುತ್ತಾ ಬರಬೇಕು; ಒಂದೇ ಕಡೆ ಬರಿದಾದರೆ ಇನ್ನೊಂದು ಕಡೆಯ ಭಾರ ಪಕ್ಕಾಸುಗಳನ್ನು ತಳ್ಳುತ್ತದೆ. ಹಂಚೊಂದು ಎರಡೂವರೆ ಕಿಲೋ ಆಸುಪಾಸು ತೂಗುವುದರಿಂದ ಅದು ಸಣ್ಣ ಭಾರವೇನಲ್ಲ. ಇಳಿಸಿದ ಪ್ರತಿ ಹಂಚನ್ನು ತಿರುಗಿಸಿ ನೋಡಿ, ಬೆನ್ನಿನ ಅಚ್ಚಿನ ಪ್ರಕಾರ ಬೇರೆ ಬೇರೆ ರಾಶಿ ಹಾಕಿಸಿದೆ. ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯುದ್ದಕ್ಕೂ ಹಂಚಿನ ಕಾರ್ಖಾನೆಗಳು ಎದ್ದವು. ಒಂದೊಂದೂ ತನ್ನ ಹೆಸರು ಮತ್ತು ಊರನ್ನು ಹಂಚಿನ ಬೆನ್ನಿಗೆ ಒತ್ತುತ್ತಿತ್ತು. ಈ ಅಚ್ಚು ಕುತೂಹಲದ ಸಂಗತಿ ಮಾತ್ರವಲ್ಲ, ಕೆಲಸಕ್ಕೂ ಬೇಕಾದದ್ದು. ಒಂದು ಕಾರ್ಖಾನೆಯ ಹಂಚಿನ ತೋಡು ಇನ್ನೊಂದರ ಉಬ್ಬಿದ ಅಂಚಿಗೆ ಸರಿಯಾಗಿ ಕೂರುವುದಿಲ್ಲ, ಆ ಕೂದಲೆಳೆಯ ಸಂದಿನಲ್ಲಿ ಗಾಳಿಮಳೆಯ ಎರಚಲು ಒಳಬರುತ್ತದೆ. ವರ್ಷ ವರ್ಷ ಒಡೆದಲ್ಲಿಗೆ ಸಿಕ್ಕಿದ ಹಂಚು ಸೇರಿಸುತ್ತಾ ಬಂದಿದ್ದ ನಮ್ಮ ಮಾಡು ಹಂಚು ಒಡೆಯದ ಕಡೆಯಲ್ಲೂ ಸೋರುತ್ತಿದ್ದುದರ ಗುಟ್ಟು ಇಷ್ಟೇ.

ತೆಂಗಿನ ನಾರಿನ ಬ್ರಷ್‌ನಿಂದ ಪಾಚಿ ಉಜ್ಜಿ, ಬೆರಳ ಗಂಟಿನಿಂದ ಬಡಿದು ನೋಡಿದೆವು. ಕಂಚಿನ ದನಿ ಬಂದರೆ ಒಳ್ಳೆಯದು, ಬೊದ್ದು ದನಿ ಬಂದರೆ ಎಲ್ಲೋ ಬಿರಿದಿದೆ. ಉಳಿದ ಹಳೆಯ ಹಂಚುಗಳಲ್ಲಿ ಒಂದೇ ಅಚ್ಚಿನವನ್ನು ಮುಂದಿನ ಇಳಿಜಾರಿಗೆ ಮೀಸಲಿಟ್ಟೆವು. ಹಿಂಬದಿಗೆ, ಮಂಗಳೂರಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬರಲ್ಲಿ ಕೆಡಹಿದ ಮನೆಯೊಂದರ ಹಂಚು ಒಟ್ಟಿಗೇ ಸಿಕ್ಕಿತು. ಒಂದು ಇಳಿಜಾರಿಗೆ ಒಂದೇ ಅಚ್ಚು ಎಂಬ ನಿಯಮವನ್ನು ಎಲ್ಲೂ ಮುರಿಯಲಿಲ್ಲ.

ಪಕ್ಕಾಸುಗಳಲ್ಲಿ ಕೆಲವು ತಾಳೆಮರದವು, ಹೆಚ್ಚಿನವು ಕಿರಾಲ್‌ಬೋಗಿ ಎಂಬ ಗಟ್ಟಿ ಮರದವು. ಆಚಾರಿಯವರು ಒಂದೊಂದಕ್ಕೂ ಚೂಪು ದಬ್ಬಳ ಚುಚ್ಚಿ ನೋಡುತ್ತಾ ಹೋದರು. ಬೋಗಿಗೆ ದಬ್ಬಳ ಇಳಿಯುತ್ತಲೇ ಇರಲಿಲ್ಲ. ಹಾಳಾಗಿದ್ದದ್ದು ಸೂರಿನ ತುದಿ ಮತ್ತು ಗೋಡೆಯ ಮೇಲೆ ಕೂರುವ ಜಾಗ ಮಾತ್ರ. ಅಡಿಗೆಮನೆಯ ಮೇಲಿನ ಮರಗಳ ಕಥೆ ಬೇರೆಯಿತ್ತು. ಸೌದೆ ಒಲೆ ಉರಿಯುತ್ತಿದ್ದಷ್ಟು ಕಾಲ ಹೊಗೆಯೇ ಅವನ್ನು ಕಾದಿತ್ತು. ಗ್ಯಾಸ್ ಬಂದು ಹೊಗೆ ನಿಂತ ಮೇಲೆ ಕುಟ್ಟೆ (ಮರ ಕೊರೆಯುವ ಹುಳ) ಹಿಡಿಯಿತು. ಅಲ್ಲಿಯ ಪಕ್ಕಾಸುಗಳನ್ನು ಪೂರ್ತಿ ಬದಲಿಸಿದೆವು, ಮರ ಹಳೆ ಮನೆಯೊಂದನ್ನು ಬಿಚ್ಚಿದ್ದು. ಹೊಸದಾಗಿ ಕೊಯ್ಸಿದ ಮರ ಆರುತ್ತಾ ತಿರುಚಿಕೊಂಡರೆ ಹಂಚಿನ ಸಾಲು ಕೆಡುತ್ತದೆ, ಹಳೆ ಮರಕ್ಕೆ ಆ ಚಾಳಿ ಮುಗಿದಿರುತ್ತದೆ.

ಮರಗಳಿಗೆಲ್ಲ ಗೇರೆಣ್ಣೆ ಹಚ್ಚಿದೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪೆಣ್ಣೆಗೆ ಗೆದ್ದಲೂ ಕುಟ್ಟೆಯೂ ಹತ್ತಿರ ಸುಳಿಯುವುದಿಲ್ಲ, ಆದರೆ ಮೈಗೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು, ತೆರೆದ ಮೈಗೆಲ್ಲ ಮೊದಲೇ ತೆಂಗಿನೆಣ್ಣೆ ಸವರಿಕೊಂಡು ಹಚ್ಚಬೇಕು. ಹಂಚು ಇಲ್ಲದಿರುವಾಗಲೇ ಹಚ್ಚಿದರೆ ವಾಸನೆಯೂ ಬೇಗ ಹೋಗುತ್ತದೆ. ರೀಪುಗಳನ್ನು ಮಾತ್ರ ಎಲ್ಲ ಕಡೆ ಹೊಸದಾಗಿ ಹೊಡೆಸಿದೆವು. ಅವುಗಳ ಅಂತರ ಹಂಚಿನ ಅಳತೆಗೆ ತಕ್ಕಂತೆ ಇರಬೇಕು, ನಮ್ಮ ಹಂಚಿಗೆ ಅದು 12.5 ಇಂಚು ಬಂತು. ಸೂರಿನ ಕೊನೆಯ ರೀಪನ್ನು ಉಳಿದವುಗಳಿಗಿಂತ ಎತ್ತರಿಸಿ ಇಡದಿದ್ದರೆ ಮೊದಲ ಸಾಲಿನ ಹಂಚು ಮೂತಿ ಕೆಳಗೆ ಮಾಡಿ ಕೂರುತ್ತದೆ, ಮೇಲಿನ ಎಲ್ಲ ಸಾಲುಗಳೂ ಅದೇ ತಪ್ಪನ್ನು ಹೊತ್ತುಕೊಂಡು ಹೋಗುತ್ತವೆ. ಚಾವಡಿಗೆ ಬೆಳಕಿಗಾಗಿ ಮುಂಚೆ ಇದ್ದಲ್ಲೇ ಕನ್ನಡಿ ಹಂಚುಗಳನ್ನು ಇಟ್ಟೆವು. ಮಂಗಗಳ ಕಾಟಕ್ಕೆ ಮದ್ದಿಲ್ಲ. ಮಾಡಿನ ಮೇಲೆ ಚಾಚಿದ್ದ ಹಲಸಿನ ಕೊಂಬೆಗಳನ್ನು ಕಡಿಸಿದ್ದು ಅಷ್ಟೋ ಇಷ್ಟೋ ಉಪಕಾರವಾಗಿದೆ.

ಜಗಲಿಯ ನಾಲ್ಕು ಹಲಸಿನ ಕಂಬಗಳಲ್ಲಿ ಮೂಲೆಯದು ಎರಚಲು ಬಿದ್ದು ಬುಡ ಕೊಳೆತಿತ್ತು. ಅದನ್ನು ತೆಗೆದು ಅದೇ ಅಳತೆಯ ಕಾಂಕ್ರೀಟ್ ಕಂಬ ಹಾಕಿ ಮರದ ಬಣ್ಣ ಹೊಡೆಯುವ ಸಲಹೆಯೂ ಬಂದಿತ್ತು. ಆಚಾರಿಯವರು ಕಂಬಕ್ಕೆ ಕೊಡತಿಯಿಂದ ಬಡಿಯುತ್ತಾ ಮೇಲಕ್ಕೆ ಹೋಗಿ, “ಕಂಬ ಗಟ್ಟಿ ಉಂಟು ಮಾರಾಯ್ರೆ, ಬುಡ ಮಾತ್ರ ಹೋದದ್ದು. ಕಾಲಿನ ಉಗುರು ಹೋಯಿತೆಂದು ಕಾಲು ತೆಗೀತಾರಾ?” ಎಂದರು. ಜಾಕಿ ಕೊಟ್ಟು ಮೇಲಿನ ತೊಲೆಯನ್ನು ನೂಲಿನಷ್ಟು ಎತ್ತಿ, ಕಂಬವನ್ನು ಸಡಿಲಿಸಿ, ಕೊಳೆತ ಭಾಗವನ್ನು ನೇರವಾಗಿ ಕತ್ತರಿಸದೆ ಉದ್ದಕ್ಕೆ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು; ಹಾಗೆಯೇ ಇಳಿಸಿದ ಹಳೆ ಹಲಸಿನ ತುಂಡನ್ನು ಎದುರಿನಿಂದ ಕೂರಿಸಿ ಎರಡು ಗೂಟ ಅಡ್ಡ ಹೊಡೆದರು. ಮರದ ತುದಿ ನೀರು ಕುಡಿಯುವಷ್ಟು ಅದರ ಪಕ್ಕ ಕುಡಿಯುವುದಿಲ್ಲವಾದ್ದರಿಂದ, ಬುಡದ ಕಲ್ಲಿನ ಮೇಲೆ ನೀರು ನಿಲ್ಲದಂತೆ ಅದರ ಮೈಯನ್ನು ಸುತ್ತ ಇಳಿಜಾರಾಗಿ ಕೆತ್ತಿಸಿದೆವು. ಜೋಡಣೆಯ ಗೆರೆ ಹತ್ತಿರ ಹೋದರೆ ಕಾಣುತ್ತದೆ. ಪುಟ್ಟಿ ಹಾಕಿ ಅದನ್ನು ಅಡಗಿಸುವುದು ಬೇಡವೆಂದೆ. ದುರಸ್ತಿ ಎಲ್ಲಿ ನಡೆದಿದೆಯೆಂದು ಮುಂದೆ ಕೆಲಸ ಮಾಡುವವರಿಗೆ ತಿಳಿಯಬೇಕು.

ಚಾವಡಿಯ ರೆಡ್ ಆಕ್ಸೈಡ್ ನೆಲದಲ್ಲಿ ಬಿರುಕುಗಳಿದ್ದವು. ಹೊಸ ತೇಪೆಯ ಕೆಂಪು ಹಳೆಯದಕ್ಕೆ ಎಂದೂ ಹೊಂದುವುದಿಲ್ಲ, ಆದ್ದರಿಂದ ನಡುನಡುವೆ ತೇಪೆ ಹಾಕದೆ, ತೀರಾ ಎದ್ದುಹೋಗಿದ್ದ ದೇವರ ಕೋಣೆಯ ಎದುರಿನ ಭಾಗವನ್ನು ಮಾತ್ರ ಗೋಡೆಯಿಂದ ಗೋಡೆಗೆ ಪೂರ್ತಿ ತೆಗೆದು ಹೊಸದಾಗಿ ಮಾಡಿಸಿದೆವು. ಉಳಿದ ನೆಲವನ್ನು ತೊಳೆದು ತೆಂಗಿನೆಣ್ಣೆಯಲ್ಲಿ ಒರೆಸುತ್ತಾ ಬಂದರೆ ಸಾಕಾಯಿತು.

ಇಷ್ಟೆಲ್ಲ ಹಳೆಯದನ್ನು ಉಳಿಸುವಾಗ ಎಪ್ಪತ್ತೈದು ದಾಟಿದ ಅಮ್ಮನ ಅನುಕೂಲವನ್ನು ಮರೆಯುವಂತಿರಲಿಲ್ಲ. ಹೊರಗಿದ್ದ ಬಚ್ಚಲಿಗೆ ಮಳೆಯಲ್ಲಿ ಕೊಡೆ ಹಿಡಿದು ಹೋಗುವುದು ಅವರಿಗೆ ಇನ್ನು ಆಗದ ಮಾತು. ಒಳಗಿನ ಕೋಣೆಯೊಂದನ್ನೇ ಸ್ನಾನದ ಮನೆ ಮಾಡುವ ಯೋಚನೆಯನ್ನು ಬಿಟ್ಟು, ಹಿಂಬದಿಯಲ್ಲಿ ಹಳೆ ಗೋಡೆಯಿಂದ ಒಂದು ಗೇಣು ದೂರ ಬಿಟ್ಟು ಪ್ರತ್ಯೇಕ ಗೋಡೆಯ ಮೇಲೆ ಬಚ್ಚಲು, ಶೌಚಾಲಯ ಕಟ್ಟಿಸಿ, ನಡುವಿನ ದಾರಿಗೆ ಮಾಡು ಇಳಿಸಿದೆವು. ಅಲ್ಲಿ ಸಿಮೆಂಟ್, ಟೈಲ್ಸ್ ಎಲ್ಲವೂ ಇವೆ. ಪೈಪು ಒಡೆದರೂ ಮುರಕಲ್ಲಿಗೆ ನೀರು ತಾಗುವುದಿಲ್ಲ. ವೈರಿಂಗ್ ಅನ್ನು ಗೋಡೆ ಕೊರೆಯದೆ ಮರದ ಪಟ್ಟಿಯ ಮೇಲೆಯೇ ಹೊರಗೆ ಎಳೆಸಿ, ಅರ್ತಿಂಗ್ ಮತ್ತು ಟ್ರಿಪ್ ಆಗುವ ಸ್ವಿಚ್ಚನ್ನು ಹೊಸದಾಗಿ ಹಾಕಿಸಿದೆವು. ಅಟ್ಟದಲ್ಲಿ ಇಲಿ ಕಡಿದ ಹಳೆ ವೈರುಗಳ ಸ್ಥಿತಿ ನೋಡಿದ ಮೇಲೆ ಆ ವಿಷಯದಲ್ಲಿ ಹಳತರ ಮೋಹ ಯಾರಿಗೂ ಉಳಿಯಲಿಲ್ಲ.

ಜೂನ್ ಮೊದಲ ಜೋರು ಮಳೆಗೆ ಟಾರ್ಚ್ ಹಿಡಿದು ಅಟ್ಟ ಹತ್ತಿ ನೋಡಿದೆ. ಮುಂದಿನ ಇಳಿಜಾರಿನಲ್ಲಿ ಎಲ್ಲೂ ತೇವವಿರಲಿಲ್ಲ. ಅಡಿಗೆಮನೆಯ ಮಾಡು ದೊಡ್ಡ ಮಾಡಿಗೆ ಕೂಡುವ ಮೂಲೆಯಲ್ಲಿ, ತಗಡಿನ ಮೇಲೆ ಹಲಸಿನ ಎಲೆಗಳು ಅಡ್ಡ ಬಿದ್ದು ನೀರು ಹಿಂದಕ್ಕೆ ಏರಿ ಒಳಗಿಳಿಯುತ್ತಿತ್ತು. ಎಲೆ ತೆಗೆದಾಗ ನಿಂತಿತು. ಮಳೆ ಬಿಟ್ಟ ಮೇಲೆ ಆ ತಗಡನ್ನು ಇನ್ನೂ ಅಗಲದ್ದಕ್ಕೆ ಬದಲಿಸಬೇಕು. ಚಾವಡಿಯ ಗೋಡೆಯಲ್ಲಿ ಈ ವರ್ಷವೂ ನೆಲದಿಂದ ಒಂದಡಿಯವರೆಗೆ ತೇವದ ಗುರುತಿದೆ, ಎದೆಮಟ್ಟಕ್ಕೆ ಏರಿಲ್ಲ. ಮುಚ್ಚಿಗೆಯ ಎರಡು ಹಲಗೆಗಳು ಮತ್ತು ಜಗಲಿಯ ಮರದ ಸರಳುಗಳ ಕೆಲಸ ಬಾಕಿಯಿದ್ದು, ಆಚಾರಿಯವರು ದೀಪಾವಳಿ ಕಳೆದು ಬರುವುದಾಗಿ ಹೇಳಿದ್ದಾರೆ. ಉಳಿದ ಹಂಚುಗಳನ್ನು ಅಚ್ಚಿನ ಪ್ರಕಾರ ಬೇರ್ಪಡಿಸಿ ಹಿತ್ತಲ ಕೊಟ್ಟಿಗೆಯಲ್ಲಿ ನಿಲ್ಲಿಸಿಟ್ಟಿದ್ದೇವೆ, ಯಾವುದು ಯಾವ ಇಳಿಜಾರಿಗೆ ಎಂದು ಗೋಡೆಯ ಮೇಲೆ ಬರೆದೂ ಇಟ್ಟಿದ್ದೇವೆ.